ಹಾಜರಿ ಪುಸ್ತಕದಾಚೆಯ ಹೊತ್ತು

ಮದುರೈ ಸುತ್ತಮುತ್ತಲ ಬಂಡೆಬೆಟ್ಟಗಳ ಗುಹೆಗಳಲ್ಲಿ ಪುಟ್ಟದೊಂದು ಬಾವಲಿ ವಾಸಿಸುತ್ತದೆ. ಹಿಪ್ಪೊಸಿಡರಸ್ ಸ್ಪಿಯೋರಿಸ್ ಎಂಬುದು ಅದರ ಶಾಸ್ತ್ರೀಯ ಹೆಸರು, ಹುಳುಹುಪ್ಪಟೆಯೇ ಆಹಾರ. ಗುಹೆಯ ಒಳಭಾಗದಲ್ಲಿ ಹಗಲಿರುಳೆನ್ನದೆ ಒಂದೇ ಕಗ್ಗತ್ತಲು. ಅಲ್ಲಿನ ಸೆಕೆ, ತೇವ ಕೂಡ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅಷ್ಟಾದರೂ ಹೊರಗೆ ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಹಿಂಡಿಗೆ ಹಿಂಡೇ ರೆಕ್ಕೆ ಬಿಚ್ಚಿ ಹೊರಡುತ್ತದೆ, ಬೆಳಕು ಹರಿಯುವ ಮುಂಚೆ ಮರಳುತ್ತದೆ.

1970ರ ದಶಕದ ಕೊನೆಯಲ್ಲಿ ಮದುರೈ ಕಾಮರಾಜ್ ವಿಶ್ವವಿದ್ಯಾಲಯದ ಎಂ. ಕೆ. ಚಂದ್ರಶೇಖರನ್ ಮತ್ತು ಅವರ ಸಂಗಡಿಗರಾದ ಮಾರಿಮುತ್ತು, ಸುಬ್ಬರಾಜ್ ಈ ಬಾವಲಿಗಳ ಮೇಲೆ ಒಂದು ಸರಳ ಪ್ರಯೋಗ ನಡೆಸಿದರು. ಒಂದೇ ಒಂದು ಬಾವಲಿಯನ್ನು ಹಿಡಿದು, ಅದರ ಅಲುಗಾಟವನ್ನೆಲ್ಲ ದಾಖಲಿಸುವ ಪಂಜರದಲ್ಲಿ ಕೂಡಿ, ಗುಹೆಯ ಕತ್ತಲಲ್ಲೇ ಇಟ್ಟರು. ಅದಕ್ಕೆ ಹೊರಗಿನ ಬೆಳಕು ಕಾಣುವಂತಿರಲಿಲ್ಲ, ಆದರೆ ಸುತ್ತಲೂ ಅದರ ಬಳಗವಿತ್ತು. ದಿನಗಳು ಕಳೆದರೂ ಪಂಜರದ ಬಾವಲಿ ತನ್ನ ಬಳಗ ಹೊರಡುವ ಹೊತ್ತಿಗೇ ಚುರುಕಾಗುತ್ತಿತ್ತು; ಬಳಗ ಮರಳುವ ಹೊತ್ತಿಗೆ ಸುಮ್ಮನಾಗುತ್ತಿತ್ತು. ಅಂಥದೇ ಪಂಜರವನ್ನು ಬಾವಲಿಗಳಿಲ್ಲದ ಇನ್ನೊಂದು ಗುಹೆಯಲ್ಲಿ ಇಟ್ಟಾಗ ಹಾಗಾಗಲಿಲ್ಲ. ಒಂಟಿ ಬಾವಲಿಯೊಳಗಿನ ಗಡಿಯಾರವೇನೂ ನಿಲ್ಲಲಿಲ್ಲ, ಓಡುತ್ತಲೇ ಇತ್ತು. ಹೊರಗಿನ ಸಂಜೆಗೂ ಅದರ ಸಂಜೆಗೂ ಇದ್ದ ಹೊಂದಾಣಿಕೆ ಮಾತ್ರ ತಪ್ಪಿ, ದಿನದಿಂದ ದಿನಕ್ಕೆ ಸರಿಯುತ್ತ ಹೋಯಿತು. ಬಳಗದ ಹೋಗುವಿಕೆ ಬರುವಿಕೆಯೇ ಕತ್ತಲಲ್ಲಿದ್ದ ಜೀವಿಗೆ ಹೊತ್ತು ತಿಳಿಸುತ್ತಿತ್ತು.

ಚಂದ್ರಶೇಖರನ್ ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಜೈವಿಕ ಗಡಿಯಾರದ ಅಧ್ಯಯನ ನಮ್ಮ ದೇಶದಲ್ಲಿ ಬೇರೂರಿದ್ದರಲ್ಲಿ ಅವರ ಪಾಲು ದೊಡ್ಡದು. ನಿವೃತ್ತಿಯ ಅಧ್ಯಾಯವನ್ನು ಅವರ ಬಾವಲಿಗಳಿಂದ ಶುರು ಮಾಡುವುದಕ್ಕೆ ಕಾರಣವಿದೆ. ಮೂವತ್ತೈದು ವರ್ಷ ದುಡಿದ ಮನುಷ್ಯ ಕೆಲಸ ಬಿಟ್ಟಾಗ ಕಳೆದುಕೊಳ್ಳುವುದು ಏನನ್ನು ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಸಂಬಳ, ಕುರ್ಚಿ, ಗೌರವ. ಸಂಶೋಧನೆಗಳನ್ನು ಓದುತ್ತ ಹೋದಂತೆ ನನಗೆ ಬೇರೆಯದೇ ಒಂದು ನಷ್ಟ ಮುಖ್ಯವಾಗಿ ಕಂಡಿದೆ. ಇಂಥ ಹೊತ್ತಿಗೆ ಇಂಥವರು ಬರುತ್ತಾರೆ ಎಂದು ಇನ್ನೊಬ್ಬರು ಕಾಯುವುದು ನಿಂತುಹೋಗುತ್ತದೆ.

ಕರ್ನಾಟಕದ ಸರ್ಕಾರಿ ನೌಕರರಿಗೆ 2008ರಲ್ಲಿ ನಿವೃತ್ತಿಯ ವಯಸ್ಸು 58ರಿಂದ 60ಕ್ಕೆ ಏರಿತು. ಅರವತ್ತು ತುಂಬುವ ತಿಂಗಳ ಕೊನೆಯ ದಿನವೇ ಸೇವೆಯ ಕೊನೆಯ ದಿನ. ಹಳೆಯ ತಲೆಮಾರಿನಲ್ಲಿ ಅನೇಕರ ಹುಟ್ಟಿದ ದಿನವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ ಹೊಂದಿಸಿ, ಬರೆದದ್ದರಿಂದ ಮೇ 31ರಂದು ಬೀಳ್ಕೊಡುಗೆ ಸಮಾರಂಭಗಳ ಸುಗ್ಗಿ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸನ್ಮಾನ ಪತ್ರ. ಅದಕ್ಕೂ ಎಷ್ಟೋ ತಿಂಗಳು ಮೊದಲೇ ಇನ್ನೊಂದು ಓಡಾಟ ಶುರುವಾಗಿರುತ್ತದೆ: ಸರ್ವೀಸ್ ರಿಜಿಸ್ಟರಿನಲ್ಲಿ ಬಿಟ್ಟುಹೋದ ನಮೂದುಗಳು, ಬೇಬಾಕಿ ಪ್ರಮಾಣಪತ್ರ, ಕಮ್ಯುಟೇಷನ್ ಎಷ್ಟು ತೆಗೆದುಕೊಳ್ಳಬೇಕೆಂಬ ಲೆಕ್ಕ, ಗ್ರಾಚ್ಯುಟಿ, ಗಳಿಕೆ ರಜೆಯ ನಗದು, ಮಹಾಲೇಖಪಾಲರ ಕಚೇರಿಗೆ ಹೋಗುವ ಕಡತ. ಹಣದ ಬಗ್ಗೆ ಇಷ್ಟೊಂದು ಮುಂದಾಲೋಚನೆ ಮಾಡುವುದು ಸರಿಯೇ. ಆದರೆ ಜೂನ್ 1ರ ಬೆಳಿಗ್ಗೆ ಹತ್ತು ಗಂಟೆಯಿಂದ ಸಂಜೆ ಐದೂವರೆಯವರೆಗೆ ಏನು ಎಂಬುದಕ್ಕೆ ಯಾವ ನಮೂನೆಯೂ ಇಲ್ಲ, ಯಾವ ಗುಮಾಸ್ತರೂ ಕೇಳುವುದಿಲ್ಲ.

ನಿವೃತ್ತಿ ಎಂಬ ಏರ್ಪಾಡು ಮನುಷ್ಯನ ಇತಿಹಾಸದಲ್ಲಿ ತೀರ ಹೊಸದು. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲಿ, ಕಾರ್ಮಿಕರಿಗೆ ವೃದ್ಧಾಪ್ಯದ ಪಿಂಚಣಿ ಕಾನೂನು ಬಂದಾಗ ವಯಸ್ಸು 70 ಎಂದಿತ್ತು. 65ಕ್ಕೆ ಇಳಿದದ್ದು 1916ರಲ್ಲಿ. ಆ ವಯಸ್ಸು ಮುಟ್ಟುವವರೇ ಕಡಿಮೆ, ಮುಟ್ಟಿದವರ ಮುಂದೆ ಉಳಿದ ವರ್ಷಗಳೂ ಕಡಿಮೆ. ಇಂದು ಅರವತ್ತಕ್ಕೆ ಮನೆಗೆ ಬಂದವರ ಮುಂದೆ ಇಪ್ಪತ್ತು ವರ್ಷಗಳಾದರೂ ಇರುವ ಸಾಧ್ಯತೆ ಚೆನ್ನಾಗಿದೆ. ನಮ್ಮ ದೇಶದ ಬಹುಪಾಲು ದುಡಿಯುವವರಿಗೆ, ಹೊಲದಲ್ಲಿ, ಮಂಡಿಯಲ್ಲಿ, ಕಟ್ಟಡದ ಕೆಲಸದಲ್ಲಿ ಇರುವವರಿಗೆ, ನಿವೃತ್ತಿ ಎಂಬುದೇ ಇಲ್ಲ. ಕೈಕಾಲು ಆಡುವಷ್ಟು ದಿನ ದುಡಿಮೆ. ಅವರ ಕಷ್ಟ ಬೇರೆ, ಅದಕ್ಕೆ ಬೇರೆಯದೇ ಅಧ್ಯಾಯ ಬೇಕು. ಇಲ್ಲಿ ಹೇಳುತ್ತಿರುವುದು ತಿಂಗಳ ಸಂಬಳದ ಜನರ ಮಾತು.

ಕೆಲಸ ನಮಗೆ ಏನೇನು ಕೊಡುತ್ತದೆ ಎಂಬುದನ್ನು ಮೊದಲು ಸ್ಪಷ್ಟವಾಗಿ ಕಂಡವರು ಆಸ್ಟ್ರಿಯದ ಮಾರೀ ಯಹೋದಾ. ಕಂಡದ್ದು ನಿವೃತ್ತರಲ್ಲಿ ಅಲ್ಲ, ಕೆಲಸ ಕಳೆದುಕೊಂಡ ಒಂದು ಇಡೀ ಊರಿನಲ್ಲಿ. ವಿಯೆನ್ನಾ ಬಳಿಯ ಮರೀಂಟಾಲ್ ಎಂಬ ಪುಟ್ಟ ಊರು ಒಂದು ಬಟ್ಟೆ ಗಿರಣಿಯನ್ನೇ ನಂಬಿಕೊಂಡಿತ್ತು. ಜಗತ್ತಿನ ಆರ್ಥಿಕ ಕುಸಿತದ ಹೊಡೆತಕ್ಕೆ ಗಿರಣಿ ಮುಚ್ಚಿತು. 1931ರ ಚಳಿಗಾಲದಲ್ಲಿ, ಇನ್ನೂ ಇಪ್ಪತ್ತೈದು ತುಂಬದ ಯಹೋದಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸಲ್ ಮತ್ತು ಗೆಳೆಯರ ತಂಡ ಆ ಊರಿಗೆ ಹೋಯಿತು. ಸುಮ್ಮನೆ ಪ್ರಶ್ನೆ ಕೇಳಿ ಬರೆದುಕೊಳ್ಳಲು ಹೋದವರಲ್ಲ ಅವರು. ಹಳೆ ಬಟ್ಟೆ ಹಂಚಿದರು, ಹೊಲಿಗೆ ತರಗತಿ ನಡೆಸಿದರು, ವೈದ್ಯರನ್ನು ಕರೆತಂದರು. ಊರವರ ನಡುವೆ ಇದ್ದುಕೊಂಡೇ ನೋಡಿದರು.

ಅವರು ಕಂಡದ್ದು ವಿಚಿತ್ರವಾಗಿತ್ತು. ಕೈತುಂಬ ಬಿಡುವಿದ್ದರೂ ಗಂಡಸರು ಓದುವುದು ಕಡಿಮೆಯಾಗಿತ್ತು. ಕಾರ್ಮಿಕರ ಗ್ರಂಥಾಲಯದಿಂದ ಹೊರಹೋಗುವ ಪುಸ್ತಕಗಳು ಗಿರಣಿ ನಡೆಯುತ್ತಿದ್ದ ದಿನಗಳ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದ್ದವು. ತಂಡದವರು ಕಿಟಕಿಯ ಹಿಂದೆ ನಿಂತು ಊರಿನ ಮುಖ್ಯ ಬೀದಿಯಲ್ಲಿ ಜನ ನಡೆಯುವ ವೇಗವನ್ನೂ ಅಳೆದರು. ಗಂಡಸರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಆ ಚಿಕ್ಕ ದಾರಿಯಲ್ಲೇ ಎರಡು ಬಾರಿಯಾದರೂ ನಿಂತರು. ಬಹುತೇಕರ ಬಳಿ ಗಡಿಯಾರವಿರಲಿಲ್ಲ; ಬೇಕೆನಿಸಿರಲಿಲ್ಲ. ದಿನವಿಡೀ ಏನು ಮಾಡಿದಿರಿ ಎಂದು ಗಂಟೆಗಂಟೆಯ ಲೆಕ್ಕ ಬರೆಯಲು ಕೊಟ್ಟರೆ, ಏಳುವುದು, ಉಣ್ಣುವುದು, ಮಲಗುವುದು ಬಿಟ್ಟರೆ ನಡುವಿನ ಹೊತ್ತು ಎಲ್ಲಿ ಹೋಯಿತೆಂದು ಅವರಿಗೇ ನೆನಪಿರಲಿಲ್ಲ. ಹೆಂಗಸರು ಮಾತ್ರ ಚುರುಕಾಗಿ ನಡೆಯುತ್ತಿದ್ದರು. ಗಿರಣಿಯ ಕೂಲಿ ಅವರಿಗೂ ತಪ್ಪಿತ್ತು, ಆದರೆ ಅಡುಗೆ, ತೇಪೆ ಹಾಕುವುದು, ಮಕ್ಕಳನ್ನು ಶಾಲೆಗೆ ಕಳಿಸುವುದು ತಪ್ಪಿರಲಿಲ್ಲ. ಅವರ ಹೊತ್ತಿಗೆ ಇನ್ನೂ ಆಕಾರವಿತ್ತು.

1933ರಲ್ಲಿ ಪ್ರಕಟವಾದ ಈ ಅಧ್ಯಯನದ ಬೀಜದಿಂದ ಯಹೋದಾ ಮುಂದೆ ಒಂದು ಸಿದ್ಧಾಂತ ಬೆಳೆಸಿದರು. ಸಂಬಳ ಕೆಲಸದ ಕಣ್ಣಿಗೆ ಕಾಣುವ ಫಲ. ಅದರ ಜತೆಗೆ ಕಾಣದ ಐದು ಫಲಗಳಿವೆ: ದಿನಕ್ಕೊಂದು ಕಟ್ಟು, ಮನೆಯಾಚೆಗಿನ ಜನರ ಒಡನಾಟ, ಹಲವರೊಡನೆ ಸೇರಿ ಸಾಧಿಸುವ ಗುರಿ, ಸಮಾಜದಲ್ಲಿ ಒಂದು ಸ್ಥಾನ, ಮತ್ತು ಮನಸ್ಸಿದ್ದರೂ ಇಲ್ಲದಿದ್ದರೂ ಮಾಡಲೇಬೇಕಾದ ಚಟುವಟಿಕೆ. ಕೆಲಸವನ್ನು ಮೆಚ್ಚದವರಿಗೂ ಈ ಐದೂ ಸಿಗುತ್ತವೆ; ಬೇಡವೆಂದರೂ ಸಿಗುತ್ತವೆ. ಆದ್ದರಿಂದಲೇ ಅವು ಇದ್ದವೆಂದು ಹೋದ ಮೇಲಷ್ಟೇ ಗೊತ್ತಾಗುತ್ತದೆ. ಪಿಂಚಣಿ ಬರುವುದು ಸಂಬಳದ ಬದಲಿಗೆ. ಉಳಿದ ಐದಕ್ಕೆ ಯಾವ ಖಜಾನೆಯೂ ಪಿಂಚಣಿ ಕೊಡುವುದಿಲ್ಲ.

ಆದರೆ ನಿರುದ್ಯೋಗವನ್ನೂ ನಿವೃತ್ತಿಯನ್ನೂ ಒಂದೇ ಎಂದುಕೊಂಡರೆ ತಪ್ಪಾಗುತ್ತದೆ. ನಿವೃತ್ತಿಯಾದೊಡನೆ ಮನುಷ್ಯ ಕುಸಿಯುತ್ತಾನೆ ಎಂಬ ಮಾತನ್ನು ಹಲವರು ಖಚಿತವಾಗಿ ಹೇಳುತ್ತಾರೆ. ರಿಟೈರಾದ ಆರೇ ತಿಂಗಳಿಗೆ ಹೋಗಿಬಿಟ್ಟರು ಎಂಬ ಉದಾಹರಣೆ ಪ್ರತಿ ಊರಲ್ಲೂ ಇರುತ್ತದೆ. ಆರೋಗ್ಯ ಕೆಟ್ಟಿದ್ದರಿಂದಲೇ ಕೆಲಸ ಬಿಟ್ಟವರು ಇಂಥ ಲೆಕ್ಕದಲ್ಲಿ ಸೇರಿಹೋಗುತ್ತಾರೆ ಎಂಬುದನ್ನು ಮರೆಯಬಾರದು. ಫ್ರಾನ್ಸಿನ ವಿದ್ಯುತ್ ಮತ್ತು ಅನಿಲ ಕಂಪನಿಯ ಸುಮಾರು 20,000 ನೌಕರರನ್ನು 1989ರಿಂದ ಹಿಂಬಾಲಿಸಿದ ಗಾಜೆಲ್ ಅಧ್ಯಯನ ಈ ವಿಷಯದಲ್ಲಿ ಬಹಳ ಉಪಯುಕ್ತ. ನಿವೃತ್ತಿಗೆ ಏಳು ವರ್ಷ ಮೊದಲಿನಿಂದ ಏಳು ವರ್ಷ ನಂತರದವರೆಗೆ ಅದೇ ಜನರನ್ನು ನೋಡಿದಾಗ, ನಿವೃತ್ತಿಯ ಆಸುಪಾಸಿನಲ್ಲಿ ದಣಿವು ಕಡಿಮೆಯಾಯಿತು, ಖಿನ್ನತೆಯ ಲಕ್ಷಣಗಳು ಕಡಿಮೆಯಾದವು. ನಿದ್ರೆಯ ತೊಂದರೆ ಹೇಳಿಕೊಳ್ಳುವವರೂ ಕಡಿಮೆಯಾದರು. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಏರಿಕೆ ಮಾತ್ರ ವಯಸ್ಸಿನ ಜತೆ ಮೊದಲಿನಂತೆಯೇ ಸಾಗಿತು. ಅಂದರೆ ನಿವೃತ್ತಿ ಎಂಬುದು ತಾನಾಗಿ ರೋಗವಲ್ಲ. ಮೇಲಧಿಕಾರಿಯ ಕಿರುಕುಳ, ಮೂರು ಪಾಳಿಯ ದುಡಿಮೆ, ಮಾರ್ಚ್ ಕೊನೆಯ ಗುರಿಗಳ ಒತ್ತಡ ಕಳಚಿದಾಗ ದೇಹ ನಿಜವಾಗಿಯೂ ಹಗುರಾಗುತ್ತದೆ.

ಆ ಹಗುರು ಎಷ್ಟು ಕಾಲ ಉಳಿಯುತ್ತದೆ? ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲೀ 1970ರ ದಶಕದಲ್ಲಿ ನಿವೃತ್ತಿಯನ್ನು ಹಂತಗಳಾಗಿ ಬಿಡಿಸಿ ತೋರಿಸಿದರು. ಮೊದಲು ಸಂಭ್ರಮ: ಕಾಶಿಯಾತ್ರೆ, ಮಗಳ ಮನೆ, ಬಾಕಿಯಿದ್ದ ಮನೆ ರಿಪೇರಿ. ಅದರ ಹಿಂದೆಯೇ ಮಂಕು. ಆಮೇಲೆ ಹೊಸದಾಗಿ ದಾರಿ ಹುಡುಕುವ ಕಾಲ, ಕೊನೆಗೆ ಒಂದು ನೆಲೆ. ಎಲ್ಲರೂ ಎಲ್ಲ ಹಂತಗಳನ್ನೂ ಇದೇ ಕ್ರಮದಲ್ಲಿ ದಾಟಬೇಕೆಂದಿಲ್ಲ. ಆದರೆ ಮೊದಲ ಆರು ತಿಂಗಳ ಸಂಭ್ರಮವನ್ನು ನೋಡಿ ಎಲ್ಲ ಸರಿಹೋಯಿತು ಎಂದು ತೀರ್ಮಾನಿಸಬಾರದು ಎಂಬ ಎಚ್ಚರಿಕೆ ಬೆಲೆಯುಳ್ಳದ್ದು.

ಈಗ ದೇಹದೊಳಗಿನ ಗಡಿಯಾರಕ್ಕೆ ಬರೋಣ. ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆಯೇ, ಮಿದುಳಿನ ಹೈಪೊಥಲಾಮಸ್‌ನಲ್ಲಿ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ನಿದ್ರೆ, ಮೈ ಬಿಸಿ, ಹಾರ್ಮೋನುಗಳ ಏರಿಳಿತ, ಹಸಿವು ಎಲ್ಲವೂ ಅದರ ತಾಳಕ್ಕೆ ನಡೆಯುತ್ತವೆ. ಜರ್ಮನಿಯ ಆಂಡೆಕ್ಸ್‌ನಲ್ಲಿ ಯೂರ್ಗನ್ ಆಶಾಫ್ ಮತ್ತು ಸಂಗಡಿಗರು 1960ರ ದಶಕದಿಂದ ಸ್ವಯಂಸೇವಕರನ್ನು ಗಡಿಯಾರವಿಲ್ಲದ, ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಇರಿಸಿ ನೋಡಿದರು. ಅವರ ದಿನ ಸುಮಾರು ಇಪ್ಪತ್ತೈದು ಗಂಟೆಗೆ ಹಿಗ್ಗಿತು. 1999ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಜೈಸ್ಲರ್ ತಂಡ ಇನ್ನಷ್ಟು ಬಿಗಿಯಾದ ಪ್ರಯೋಗದಲ್ಲಿ ಆ ಲೆಕ್ಕ ತಿದ್ದಿತು: ನಮ್ಮೊಳಗಿನ ದಿನ ಸರಾಸರಿ 24 ಗಂಟೆ 11 ನಿಮಿಷ. ಇಪ್ಪತ್ತರ ಹರೆಯದವರಲ್ಲೂ ಅರವತ್ತು ದಾಟಿದವರಲ್ಲೂ ಅದು ಒಂದೇ. ವಯಸ್ಸಾದರೆ ಒಳಗಿನ ಗಡಿಯಾರದ ವೇಗವೇ ಬದಲಾಗುತ್ತದೆ ಎಂಬ ಹಳೆಯ ಊಹೆ ಅಲ್ಲಿಗೆ ಬಿತ್ತು.

ಆ ಹನ್ನೊಂದು ನಿಮಿಷವನ್ನು ದಿನಾ ಸರಿಪಡಿಸುವುದು ಬೆಳಕು. ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ವಿಶೇಷ ಕೋಶಗಳಿವೆ. ನೀಲಿ ಬೆಳಕು ಅವುಗಳನ್ನು ಹೆಚ್ಚು ಕೆಣಕುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನೇ ಹೆಚ್ಚು ತಡೆಯುತ್ತದೆ. ಆದ್ದರಿಂದ ಅರವತ್ತು ದಾಟಿದವರಿಗೆ ಯುವಕರಿಗಿಂತ ಹೆಚ್ಚು ಬೆಳಕು ಬೇಕು. ಕೆಲಸವಿದ್ದಾಗ ಅದು ಗೊತ್ತಿಲ್ಲದೆಯೇ ಸಿಗುತ್ತಿತ್ತು: ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ, ಮಧ್ಯಾಹ್ನ ಕಾಫಿಗೆ ಹೊರಬಂದಾಗ ಹತ್ತು ನಿಮಿಷ. ಮನೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವೇ ನೂರು ಲಕ್ಸ್. ಮೋಡ ಕವಿದ ದಿನವೂ ಅಂಗಳದಲ್ಲಿ ಸಾವಿರಾರು ಲಕ್ಸ್ ಇರುತ್ತದೆ. ಸೋಫಾದ ಮೇಲೆ ಕಳೆದ ಹಗಲು ಗಡಿಯಾರದ ಲೆಕ್ಕದಲ್ಲಿ ಮುಸ್ಸಂಜೆಯಷ್ಟೇ.

ಇಲ್ಲೊಂದು ಸೂಕ್ಷ್ಮವಿದೆ, ಬೆಳಗಿನ ವಾಯುವಿಹಾರದವರು ಗಮನಿಸಬೇಕಾದದ್ದು. ಮುಂಜಾವಿನ ಬೆಳಕು ಗಡಿಯಾರವನ್ನು ಮುಂದಕ್ಕೆ ಎಳೆಯುತ್ತದೆ, ಸಂಜೆಯ ಬೆಳಕು ಹಿಂದಕ್ಕೆ ತಳ್ಳುತ್ತದೆ. ವಯಸ್ಸಿನ ಜತೆ ನಿದ್ರೆ ಹೇಗೂ ಬೇಗ ಬಂದು ಬೇಗ ಬಿಡುತ್ತದೆ. ಸಂಜೆ ಏಳಕ್ಕೇ ತೂಕಡಿಸಿ ಬೆಳಗಿನ ಜಾವ ಮೂರಕ್ಕೆ ಎದ್ದು ಕೂರುವವರು ಬೆಳಕು ಹರಿದೊಡನೆ ತಿರುಗಾಡಲು ಹೋದರೆ ಆ ಎಳೆತ ಇನ್ನಷ್ಟು ಹೆಚ್ಚಬಹುದು. ಅಂಥವರಿಗೆ ಸಂಜೆ ಐದರ ಬಿಸಿಲಿನಲ್ಲಿ ಒಂದು ಗಂಟೆ ಹೊರಗಿರುವುದು ಹೆಚ್ಚು ಹಿತ. ತಡವಾಗಿ ಏಳುವ, ರಾತ್ರಿ ನಿದ್ರೆ ಬಾರದವರಿಗೆ ಬೆಳಗಿನ ಬೆಳಕೇ ಔಷಧಿ.

ಹಾಗಾದರೆ ಬಾವಲಿಗಳಿಗೆ ಬಳಗ ಮಾಡಿದ ಕೆಲಸವನ್ನು ನಮಗೆ ಬೆಳಕೇ ಮಾಡುತ್ತದೆಯೇ? ಮನುಷ್ಯನ ಒಳಗಡಿಯಾರದ ಮೇಲೆ ನೇರ ಹಿಡಿತ ಬೆಳಕಿನದೇ ಎಂಬುದು ನಿಜ. ಆದರೆ ನಮ್ಮನ್ನು ಬೆಳಕಿಗೆ ಕರೆತರುವವರು ಯಾರು? ಹೊತ್ತಿಗೆ ಸರಿಯಾಗಿ ಏಳಿಸುವುದು, ಉಣ್ಣಿಸುವುದು, ಮಲಗಿಸುವುದು ಯಾವುದು? 1988ರಲ್ಲಿ ಸಿಂಡಿ ಎಹ್ಲರ್ಸ್, ಎಲೆನ್ ಫ್ರಾಂಕ್ ಮತ್ತು ಡೇವಿಡ್ ಕುಪ್ಫರ್ ಎಂಬ ಅಮೆರಿಕದ ಸಂಶೋಧಕರು ಇದಕ್ಕೊಂದು ಉತ್ತರ ಮುಂದಿಟ್ಟರು. ನಮ್ಮ ದಿನಕ್ಕೆ ತಾಳ ಹಾಕುವುದು ಇತರರೊಡನೆ ನಮಗಿರುವ ಕಟ್ಟುಪಾಡು. ಸಾವು, ವಿಚ್ಛೇದನ, ಕೆಲಸ ಹೋಗುವುದು ಮುಂತಾದವು ಆ ತಾಳವನ್ನು ಮುರಿಯುತ್ತವೆ. ತಾಳ ತಪ್ಪಿದ ದೇಹದಲ್ಲಿ, ಮೊದಲೇ ಆ ಕಡೆ ವಾಲುವವರಲ್ಲಿ, ಖಿನ್ನತೆ ಬೇರೂರಬಹುದು ಎಂಬುದು ಅವರ ವಾದ. ಪಿಟ್ಸ್‌ಬರ್ಗ್‌ನಲ್ಲಿ ತಿಮೊತಿ ಮಂಕ್ ಇದನ್ನು ಅಳೆಯಲು ಒಂದು ದಿನಚರಿ ಪಟ್ಟಿ ರೂಪಿಸಿದರು. ಹಾಸಿಗೆಯಿಂದ ಎದ್ದದ್ದು, ಮೊದಲ ಮನುಷ್ಯನೊಡನೆ ಮಾತಾಡಿದ್ದು, ಮೊದಲ ಬಾರಿ ಹೊರಗೆ ಕಾಲಿಟ್ಟದ್ದು, ಊಟ, ಸಂಜೆಯ ಸುದ್ದಿ, ಹೀಗೆ ಹದಿನೇಳು ಸಂಗತಿಗಳು. ಪ್ರತಿಯೊಂದೂ ಎಷ್ಟು ಗಂಟೆಗೆ ನಡೆಯಿತು, ಆಗ ಜತೆಗೆ ಯಾರಿದ್ದರು ಎಂದು ಬರೆಯಬೇಕು. ವಾರದ ಕೊನೆಗೆ ಎಷ್ಟು ಸಂಗತಿಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಡೆದವು ಎಂಬುದೇ ಅಳತೆ.

ಈ ಪಟ್ಟಿಯನ್ನು ಯಾರು ಬೇಕಾದರೂ ಒಂದು ನೋಟುಪುಸ್ತಕದಲ್ಲಿ ಬರೆದು ನೋಡಬಹುದು. ನಿವೃತ್ತಿಗೆ ಒಂದು ವರ್ಷ ಮೊದಲು ಒಂದು ವಾರ, ನಿವೃತ್ತಿಯಾಗಿ ಆರು ತಿಂಗಳಿಗೆ ಇನ್ನೊಂದು ವಾರ ಬರೆದರೆ, ಯಾವ ಮಾತಿಗಿಂತಲೂ ಸ್ಪಷ್ಟವಾಗಿ ಬದಲಾವಣೆ ಕಣ್ಣಿಗೆ ಬೀಳುತ್ತದೆ. ನನಗೆ ಇದರಲ್ಲಿ ಹೆಚ್ಚು ಮುಖ್ಯವಾಗಿ ಕಾಣುವುದು ಎರಡನೆಯ ಅಂಕಣ: ಜತೆಗೆ ಯಾರಿದ್ದರು ಎಂಬುದು.

ಜ್ಞಾಪಕಶಕ್ತಿಯ ಮಾತು ಬಂದಾಗ ಅರವತ್ತರ ಅಂಚಿನವರೆಲ್ಲ ಕಿವಿ ನಿಮಿರಿಸುತ್ತಾರೆ. ಲಂಡನ್ನಿನ ವೈಟ್‌ಹಾಲ್‌ನಲ್ಲಿ, ಬ್ರಿಟಿಷ್ ಸರ್ಕಾರದ 10,308 ನೌಕರರನ್ನು 1985ರಿಂದ ಹಿಂಬಾಲಿಸುತ್ತ ಬಂದ ಅಧ್ಯಯನವೊಂದಿದೆ. ಇಪ್ಪತ್ತು ಪದಗಳನ್ನು ಓದಿ ಹೇಳಿ, ನೆನಪಿರುವಷ್ಟನ್ನು ಬರೆಯಿರಿ ಎನ್ನುವುದು ಅದರ ಪರೀಕ್ಷೆಗಳಲ್ಲೊಂದು. 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ವಯಸ್ಸಿನ ಸಹಜ ಇಳಿಕೆಯನ್ನು ಕಳೆದ ಮೇಲೂ, ಪದಗಳ ನೆನಪು ನಿವೃತ್ತಿಯ ನಂತರ ಮೊದಲಿಗಿಂತ ಶೇ 38ರಷ್ಟು ವೇಗವಾಗಿ ಕುಂದಿತು. ಸಂಖ್ಯೆ ನೋಡಿ ಗಾಬರಿಯಾಗುವುದು ಬೇಡ. ಇದು ನಿಧಾನವಾಗಿ ನಡೆಯುವ ಇಳಿಕೆಯ ವೇಗದ ಮಾತು, ವರ್ಷಕ್ಕೆ ಒಂದು ಪದಕ್ಕಿಂತ ತೀರ ಕಡಿಮೆ. ತರ್ಕಶಕ್ತಿಯಂಥ ಬೇರೆ ಸಾಮರ್ಥ್ಯಗಳ ಮೇಲೆ ನಿವೃತ್ತಿಯ ಪರಿಣಾಮ ಸ್ಪಷ್ಟವಾಗಿ ಕಾಣಲಿಲ್ಲ.

ಅದೇ ವಿಶ್ಲೇಷಣೆಯ ಇನ್ನೊಂದು ಫಲಿತಾಂಶ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಸೇವೆಯಲ್ಲಿದ್ದಷ್ಟು ಕಾಲ ಮೇಲಿನ ದರ್ಜೆಯ ಅಧಿಕಾರಿಗಳ ನೆನಪು ಕೆಳದರ್ಜೆಯವರದಕ್ಕಿಂತ ನಿಧಾನವಾಗಿ ಕುಂದುತ್ತಿತ್ತು. ನಿವೃತ್ತರಾದ ಮೇಲೆ ಆ ರಕ್ಷಣೆ ಉಳಿಯಲಿಲ್ಲ. ಇಬ್ಬರೂ ಒಂದೇ ವೇಗದಲ್ಲಿ ಇಳಿದರು. ಅಂದರೆ ಅವರನ್ನು ಕಾಪಾಡುತ್ತಿದ್ದದ್ದು ಪದವಿಯಲ್ಲ, ಸಂಪಾದನೆಯಲ್ಲ, ದಿನನಿತ್ಯದ ಬೇಡಿಕೆ. ಸಭೆಗೆ ಯಾರು ಬಂದಿದ್ದರು, ಯಾವ ಕಡತದಲ್ಲಿ ಯಾವ ಆಕ್ಷೇಪಣೆ, ನಾಳೆ ಸಚಿವರಿಗೆ ಯಾವ ಉತ್ತರ: ನೆನಪಿಟ್ಟುಕೊಳ್ಳದಿದ್ದರೆ ಕೆಲಸ ನಡೆಯದ ಪರಿಸ್ಥಿತಿಯೇ ನೆನಪಿಗೆ ವ್ಯಾಯಾಮ. ಪತ್ರಿಕೆಯ ಪದಬಂಧ ಬಿಡಿಸುವುದು ಒಳ್ಳೆಯ ಕಾಲಕ್ಷೇಪ, ಬೇಡವೆನ್ನುವುದಿಲ್ಲ. ಆದರೆ ಪದಬಂಧ ಬಿಡಿಸದಿದ್ದರೆ ಯಾರಿಗೂ ತೊಂದರೆಯಾಗುವುದಿಲ್ಲ.

ಸ್ನಾಯುಗಳದೂ ಇದೇ ಬಗೆಯ ಲೆಕ್ಕ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿ, ಶ್ರಮಿಸುವಾಗ ಅವರ ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಎಂದು ಅಳೆದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಕರೆಸಿ ಅಳೆದಾಗ ದಂಗುಬಡಿಸುವ ಸಂಗತಿ ಹೊರಬಿತ್ತು. ಮೂವತ್ತು ವರ್ಷ ವಯಸ್ಸಾದದ್ದಕ್ಕಿಂತ ಅಂದಿನ ಮೂರು ವಾರಗಳ ಮಲಗುವಿಕೆಯೇ ಅವರ ದೇಹಶಕ್ತಿಯನ್ನು ಹೆಚ್ಚು ಕುಗ್ಗಿಸಿತ್ತು. ಐವತ್ತು ದಾಟಿದ ಅವರಿಗೆ ಆರು ತಿಂಗಳ ಕ್ರಮಬದ್ಧ ವ್ಯಾಯಾಮ ಕೊಟ್ಟಾಗ ವಯಸ್ಸಿನಿಂದ ಕಳೆದುಕೊಂಡದ್ದು ಬಹುಮಟ್ಟಿಗೆ ಮರಳಿ ಬಂತು. ವಯಸ್ಸಿನ ಮೇಲೆ ನಾವು ಹೊರಿಸುವ ಎಷ್ಟೋ ಅಪವಾದ ಕುಳಿತಿರುವುದರದ್ದು. 1990ರಲ್ಲಿ ಮರಿಯಾ ಫಿಯಾಟರೋನ್ ಅವರು ವೃದ್ಧಾಶ್ರಮದ ತೊಂಬತ್ತರ ಆಸುಪಾಸಿನ ಹಿರಿಯರಿಗೆ ಎಂಟು ವಾರ ತೂಕ ಎತ್ತುವ ತರಬೇತಿ ಕೊಟ್ಟು, ಅವರ ಕಾಲಿನ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿದ್ದನ್ನು ತೋರಿಸಿದರು. ನಡಿಗೆಯೊಂದೇ ಸಾಲದು, ಕುರ್ಚಿಯಿಂದ ಕೈಯೂರದೆ ಹತ್ತಾರು ಬಾರಿ ಏಳುವಂಥ, ಸ್ನಾಯುವಿಗೆ ಭಾರ ಬೀಳುವ ಕೆಲಸವೂ ಬೇಕು. ಕಿವಿ ಮಂದವಾಗಿದ್ದರೆ ಶ್ರವಣ ಸಾಧನಕ್ಕೆ ನಾಚಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಾತು ಕೇಳಿಸದವರು ಮೆಲ್ಲಗೆ ಗುಂಪಿನಿಂದ ಹೊರಬೀಳುತ್ತಾರೆ, ಮತ್ತು ಕಿವುಡು, ಒಂಟಿತನ ಎರಡೂ ಮರೆವಿನ ಕಾಯಿಲೆಯ ಅಪಾಯಗಳ ಪಟ್ಟಿಯಲ್ಲಿವೆ.

ಮನೆಯಲ್ಲಿ ಇನ್ನೊಬ್ಬರಿದ್ದಾರೆ. ಗಂಡ ನಿವೃತ್ತನಾದರೆ ಹೆಂಡತಿಯ ದಿನವೂ ಬದಲಾಗುತ್ತದೆ. ಹತ್ತು ಗಂಟೆಗೆ ಮನೆ ಖಾಲಿಯಾಗಿ, ಅವಳದೇ ಆದ ಎರಡು ಗಂಟೆ ಸಿಗುತ್ತಿತ್ತು. ಈಗ ಆ ಹೊತ್ತಿಗೆ ಮತ್ತೊಂದು ಕಾಫಿ. 1991ರಲ್ಲಿ ಜಪಾನಿನ ವೈದ್ಯ ನೊಬುವೊ ಕುರೊಕಾವಾ, ಗಂಡಂದಿರು ನಿವೃತ್ತರಾದ ಮೇಲೆ ಹೆಂಡತಿಯರಲ್ಲಿ ಕಾಣಿಸಿಕೊಳ್ಳುವ ಹೊಟ್ಟೆಹುಣ್ಣು, ರಕ್ತದೊತ್ತಡ, ಖಿನ್ನತೆಗಳನ್ನು ಗಮನಿಸಿ ಅದಕ್ಕೊಂದು ರೋಗದ ಹೆಸರನ್ನೇ ಕೊಟ್ಟರು. ಇನ್ನು ಉದ್ಯೋಗದಲ್ಲಿದ್ದ ಹೆಂಗಸು ನಿವೃತ್ತಳಾದರೆ ಕಚೇರಿ ನಿಲ್ಲುತ್ತದೆ, ಅಡುಗೆಮನೆ ನಿಲ್ಲುವುದಿಲ್ಲ. ಹೊಸದಾಗಿ ಮೊಮ್ಮಗುವೂ ಸೇರುತ್ತದೆ. ಮರೀಂಟಾಲಿನ ಹೆಂಗಸರಂತೆ ಅವಳ ಹೊತ್ತಿಗೆ ಆಕಾರವಿರುತ್ತದೆ ನಿಜ, ಆದರೆ ಆ ಆಕಾರ ಅವಳು ಆರಿಸಿಕೊಂಡದ್ದಲ್ಲ. ಯಹೋದಾ ಹೇಳಿದ ಐದರಲ್ಲಿ ಮನೆಯಾಚೆಗಿನ ಒಡನಾಟ ಮತ್ತು ಸ್ವಂತ ಸ್ಥಾನ ಇವೆರಡನ್ನೂ ಅವಳು ಒಂದೇ ದಿನ ಕಳೆದುಕೊಳ್ಳುತ್ತಾಳೆ. ನಿವೃತ್ತಿಯ ಯೋಜನೆ ಮಾಡುವ ದಂಪತಿ ಪಿಂಚಣಿಯ ಹಣದ ಜತೆಗೆ ಅಡುಗೆಮನೆಯ ಗಂಟೆಗಳನ್ನೂ ಹಂಚಿಕೊಳ್ಳಬೇಕು. ಇದನ್ನು ಸೌಜನ್ಯದ ಮಾತಾಗಿ ಹೇಳುತ್ತಿಲ್ಲ, ಇಬ್ಬರ ಆರೋಗ್ಯದ ಮಾತಾಗಿ ಹೇಳುತ್ತಿದ್ದೇನೆ.

ಹೊಸದಾಗಿ ಕಟ್ಟಿಕೊಳ್ಳುವುದು ಹೇಗೆ? ಇದನ್ನು ಪ್ರಯೋಗದ ಮೂಲಕವೇ ಪರೀಕ್ಷಿಸಿದ ಊರು ಅಮೆರಿಕದ ಬಾಲ್ಟಿಮೋರ್. ಎಕ್ಸ್‌ಪೀರಿಯನ್ಸ್ ಕೋರ್ ಎಂಬ ಯೋಜನೆಯಲ್ಲಿ ಅರವತ್ತು ದಾಟಿದವರನ್ನು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಕಳಿಸಿದರು. ವಾರಕ್ಕೆ ಹದಿನೈದು ಗಂಟೆ, ಇಡೀ ಶಾಲಾ ವರ್ಷ. ಮಕ್ಕಳಿಗೆ ಓದಿಸುವುದು, ಗ್ರಂಥಾಲಯ ನೋಡಿಕೊಳ್ಳುವುದು, ಜಗಳ ಬಿಡಿಸುವುದು. ಲಿಂಡಾ ಫ್ರೀಡ್, ಮಿಶೆಲ್ ಕಾರ್ಲ್‌ಸನ್ ಮತ್ತು ಸಂಗಡಿಗರು ಚೀಟಿ ಎತ್ತುವ ಕ್ರಮದಲ್ಲಿ ಕೆಲವರನ್ನು ಈ ಕೆಲಸಕ್ಕೆ ಹಾಕಿ, ಉಳಿದವರನ್ನು ಹೋಲಿಕೆಗೆ ಇಟ್ಟುಕೊಂಡರು. ಎರಡು ವರ್ಷಗಳ ನಂತರ ಮಿದುಳಿನ ಚಿತ್ರ ತೆಗೆದಾಗ, ಹೋಲಿಕೆಯ ಗುಂಪಿನ ಗಂಡಸರ ಮಿದುಳು ವಯಸ್ಸಿಗೆ ತಕ್ಕಂತೆ ಸ್ವಲ್ಪ ಕುಗ್ಗಿತ್ತು. ಶಾಲೆಗೆ ಹೋಗುತ್ತಿದ್ದ ಗಂಡಸರಲ್ಲಿ ಅದು ಕುಗ್ಗಿರಲಿಲ್ಲ, ಅಲ್ಪ ಏರಿಕೆಯೇ ಕಂಡಿತು. ಸಣ್ಣ ಅಧ್ಯಯನ, ಇದೊಂದರ ಮೇಲೆಯೇ ಎಲ್ಲವನ್ನೂ ಕಟ್ಟಲಾಗದು. ಆದರೆ ಅದು ಕೊಟ್ಟ ಔಷಧಿ ಯಾವುದು ನೋಡಿ: ಗೊತ್ತಾದ ಹೊತ್ತು, ಹತ್ತುವ ಮೆಟ್ಟಿಲು, ನೆನಪಿಡಬೇಕಾದ ಮೂವತ್ತು ಹೆಸರು, ಮತ್ತು ಅಜ್ಜ ಇವತ್ತು ಯಾಕೆ ಬರಲಿಲ್ಲ ಎಂದು ಕೇಳುವ ಮಕ್ಕಳು.

ಕನ್ನಡಿಗರಿಗೆ ಪರಿಚಿತವಾದ ಒಂದು ಬಾಳನ್ನು ಇಲ್ಲಿ ನೆನೆಯಬೇಕು. ಜಿ. ವೆಂಕಟಸುಬ್ಬಯ್ಯನವರು ಬೆಂಗಳೂರಿನ ವಿಜಯಾ ಕಾಲೇಜಿನಿಂದ 1973ರಲ್ಲಿ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಕೆಲಸ ಅವರ ಕೈಯಲ್ಲಿ ಇನ್ನೂ ಇತ್ತು. 1991ರಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಶುರು ಮಾಡಿದರು. ಪದವೊಂದರ ಅರ್ಥ, ಮೂಲ ಕೇಳಿ ನಾಡಿನ ಮೂಲೆಮೂಲೆಯಿಂದ ಓದುಗರು ಬರೆಯುತ್ತಿದ್ದರು. ವಾರ ವಾರ ಅವರು ಉತ್ತರಿಸಬೇಕಿತ್ತು. ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಅದು ನಡೆಯಿತು. 2011ರಲ್ಲಿ, 97ರ ವಯಸ್ಸಿನಲ್ಲಿ, ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107. ಒಬ್ಬರ ದೀರ್ಘಾಯುಷ್ಯ ವಿಜ್ಞಾನಕ್ಕೆ ಸಾಕ್ಷಿಯಾಗದು. ವಂಶವಾಹಿ, ಆಹಾರ, ಅದೃಷ್ಟ ಎಲ್ಲವೂ ಅದರಲ್ಲಿವೆ. ನಾನು ತೋರಿಸುತ್ತಿರುವುದು ಆಯುಷ್ಯವನ್ನಲ್ಲ, ಆ ಅಂಕಣದ ಬಗೆಯನ್ನು. ಕಾಯುವ ಓದುಗರಿದ್ದರು, ತಪ್ಪಿಸಲಾಗದ ದಿನವಿತ್ತು, ತಿಳಿದದ್ದು ಇನ್ನೊಬ್ಬರಿಗೆ ಬೇಕಾಗಿತ್ತು. ಯಹೋದಾ ಅವರ ಐದೂ ಅಲ್ಲಿದ್ದವು.

ಯಹೋದಾ ಕೂಡ ಹಾಗೆಯೇ ಬದುಕಿದರು. 1936ರಲ್ಲಿ ಆಸ್ಟ್ರಿಯದ ಸರ್ವಾಧಿಕಾರಿ ಸರ್ಕಾರ ಅವರನ್ನು ಸೆರೆಗೆ ಹಾಕಿ ಮರುವರ್ಷ ದೇಶದಿಂದ ಹೊರಗಟ್ಟಿತು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿ 1973ರಲ್ಲಿ ನಿವೃತ್ತರಾದರು. ಕೆಲಸದ ಕಾಣದ ಫಲಗಳ ಬಗೆಗಿನ ಅವರ ಮುಖ್ಯ ಪುಸ್ತಕ ಬಂದದ್ದು ಅದಾದ ಒಂಬತ್ತು ವರ್ಷಗಳ ಮೇಲೆ. ತೊಂಬತ್ತರ ವಯಸ್ಸಿನಲ್ಲಿ ಹದಿನಾರನೆಯ ಶತಮಾನದ ಫ್ರೆಂಚ್ ಕವಯಿತ್ರಿ ಲೂಯಿಸ್ ಲಾಬೆಯ ಇಪ್ಪತ್ತನಾಲ್ಕು ಸಾನೆಟ್‌ಗಳ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು.

ನಿಘಂಟು ಬರೆಯುವುದು, ಕವಿತೆ ಅನುವಾದಿಸುವುದು ಎಲ್ಲರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ನಿವೃತ್ತಿಯ ನಂತರದ ಯಾವುದೇ ಯೋಜನೆಯನ್ನು ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ನಾಳೆ ಹೋಗದಿದ್ದರೆ ಯಾರಾದರೂ ಫೋನ್ ಮಾಡಿ ಕೇಳುತ್ತಾರೆಯೇ? ಒಬ್ಬರೇ ಮಾಡುವ ವಾಯುವಿಹಾರಕ್ಕೆ ಇಲ್ಲ ಎಂಬ ಉತ್ತರ ಬರುತ್ತದೆ, ಭಜನಾ ಮಂಡಳಿಯ ಹಾರ್ಮೋನಿಯಂ ನುಡಿಸುವವರಿಗೆ ಹೌದು ಎಂದು ಬರುತ್ತದೆ. ಹಾಲಿನ ಸಹಕಾರ ಸಂಘದ ಲೆಕ್ಕ ಬರೆಯುವುದು, ಅಪಾರ್ಟ್‌ಮೆಂಟಿನ ನೀರಿನ ಉಸ್ತುವಾರಿ, ಯಕ್ಷಗಾನ ಸಂಘದ ತಾಲೀಮು, ಪಕ್ಕದ ಬೀದಿಯ ಮಕ್ಕಳಿಗೆ ಗಣಿತ, ಎಲ್ಲವೂ ಪಾಸಾಗುತ್ತವೆ.

ಹಳ್ಳಿಗಳಲ್ಲಿ ಇದಕ್ಕೆ ಜಾಗ ಈಗಾಗಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳು ಪುಸ್ತಕಕ್ಕಾಗಿ ಅಲ್ಲಿಗೆ ಬರುತ್ತಿದ್ದಾರೆ. ಜತೆಯಲ್ಲಿ ಕೂತು ಓದಿಸುವವರು ಬೇಕು. ಸರ್ಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರನ್ನೂ ನಿವೃತ್ತಿಗೆ ಮೊದಲಿನ ಬೇಸಿಗೆಯಲ್ಲೇ ಕಂಡು ಮಾತಾಡಿಕೊಳ್ಳುವುದು ಮೇಲು. ಬಿಡುವಾದಾಗ ಬರುತ್ತೇನೆ ಎನ್ನಬಾರದು. ಸೋಮವಾರ, ಬುಧವಾರ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡೂವರೆ, ನಾಲ್ಕನೆಯ ತರಗತಿಗೆ ಓದು ಎಂದು ಗೊತ್ತು ಮಾಡಿಕೊಳ್ಳಬೇಕು. ಬರಲಾಗದ ದಿನ ಮೊದಲೇ ತಿಳಿಸಬೇಕು. ಬಾಲ್ಟಿಮೋರಿನವರು ಒಂದು ಶಾಲೆಗೆ ಒಬ್ಬರನ್ನೋ ಇಬ್ಬರನ್ನೋ ಕಳಿಸಲಿಲ್ಲ, ತಂಡವನ್ನೇ ಕಳಿಸಿದರು. ಅದೇ ವರ್ಷ ನಿವೃತ್ತರಾಗುವ ನಾಲ್ಕೈದು ಮಂದಿ ಒಟ್ಟಾಗಿ ಒಂದೇ ಶಾಲೆಯನ್ನು ಹಿಡಿದರೆ ಮಕ್ಕಳಿಗೂ ವಾರವಿಡೀ ಯಾರಾದರೊಬ್ಬರು ಸಿಗುತ್ತಾರೆ, ಗೈರುಹಾಜರಾದವರ ಮನೆಗೆ ಸಂಜೆ ಹೋಗಿ ವಿಚಾರಿಸಲು ಜತೆಯವರೂ ಇರುತ್ತಾರೆ.